ತಿಂಪ್ಸಿಲದ ಜಡೆ

ನಾನಿರುವ ಊರು ಮ್ಯಾನ್‌ಹಟನ್ ಎಂದರೆ ಚಳ್ಳಕೆರೆಯ ನೆಂಟರೆಲ್ಲ ಮುಗಿಲೆತ್ತರದ ಕಟ್ಟಡಗಳ ಫೋಟೊ ಕಳಿಸು ಎನ್ನುತ್ತಾರೆ. ಆ ಮ್ಯಾನ್‌ಹಟನ್ ನ್ಯೂಯಾರ್ಕಿನಲ್ಲಿದೆ. ನನ್ನದು ಕ್ಯಾನ್ಸಸ್ ರಾಜ್ಯದ್ದು, ಇಲ್ಲಿ ಎತ್ತರವಾಗಿ ಬೆಳೆಯುವುದು ಹುಲ್ಲು ಮಾತ್ರ. ಒಂದು ಕಾಲದಲ್ಲಿ ಕೆನಡಾದಿಂದ ಟೆಕ್ಸಾಸ್‌ವರೆಗೆ ಹಬ್ಬಿದ್ದ ಎತ್ತರ ಹುಲ್ಲಿನ ಪ್ರೇರಿಯಲ್ಲಿ, ಅಂದರೆ ಮರವಿಲ್ಲದ ವಿಶಾಲ ಹುಲ್ಲುಗಾವಲಿನಲ್ಲಿ, ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ, ಅದರಲ್ಲಿ ಹೆಚ್ಚಿನದು ನಮ್ಮೂರಿನ ಸುತ್ತಲ ಫ್ಲಿಂಟ್ ಹಿಲ್ಸ್ ದಿಣ್ಣೆಗಳಲ್ಲಿದೆ. ಮಣ್ಣಿನ ತೆಳು ಪದರದ ಕೆಳಗೇ ಸುಣ್ಣಕಲ್ಲು, ಚಕಮಕಿ ಕಲ್ಲು ಇರುವುದರಿಂದ ಇಲ್ಲಿ ನೇಗಿಲು ಇಳಿಯಲಿಲ್ಲ, ಹುಲ್ಲು ಬದುಕಿತು. ಅಮೃತಮಹಲ್ ಕಾವಲಿನ ಅಂಚಿನಲ್ಲಿ ಬೆಳೆದ ನನಗೆ ಈ ನೋಟ ಹೊಸದೇನಲ್ಲ. ಕಾವಲನ್ನು ಪಾಳುಭೂಮಿ ಎಂದು ಬರೆದಿಡುವವರು ಎರಡೂ ಕಡೆ ಇದ್ದಾರೆ.

ಊರಿನಿಂದ ಸ್ವಲ್ಪ ದೂರದಲ್ಲಿರುವ 8,600 ಎಕರೆಯ ಕಾನ್ಝಾ ಪ್ರೇರಿಯಲ್ಲಿ ವಾರಕ್ಕೊಮ್ಮೆ ನಡೆಯುವುದು ನನ್ನ ರೂಢಿ. ಅದಕ್ಕೆ ಆ ಹೆಸರು ಬಂದದ್ದು ಕಾನ್ಝಾ ಎಂದೂ ಕರೆಯುವ ಕಾ ಎಂಬ ಮೂಲನಿವಾಸಿ ಜನಾಂಗದಿಂದ. ಕ್ಯಾನ್ಸಸ್ ಎಂಬ ರಾಜ್ಯದ ಹೆಸರೂ ಅವರದೇ. ಹೆಸರನ್ನು ಉಳಿಸಿಕೊಂಡ ಸರ್ಕಾರ 1873ರಲ್ಲಿ ಆ ಜನರನ್ನು ಮಾತ್ರ ಈಗಿನ ಓಕ್ಲಹೋಮಾಕ್ಕೆ ಸಾಗಿಸಿಬಿಟ್ಟಿತು. ಮೊದಲೆರಡು ವರ್ಷ ನನ್ನ ಕಣ್ಣಿಗೆ ಅಲ್ಲಿ ಕಂಡದ್ದು ಹುಲ್ಲು ಮತ್ತು ಬಣ್ಣಬಣ್ಣದ ಹೂಗಳಷ್ಟೇ. ಅದು ಅಡುಗೆಮನೆಯೂ ಔಷಧದ ಪೆಟ್ಟಿಗೆಯೂ ಆಗಿತ್ತೆಂದು ತಿಳಿದದ್ದು ನಮ್ಮ ಬೀದಿಯ ಕೊನೆಯ ಮನೆಗೆ ಲಕೋಟಾ ಜನಾಂಗದ ಅಜ್ಜಿಯೊಬ್ಬರು ಬಂದ ಮೇಲೆ. ದಕ್ಷಿಣ ಡಕೋಟಾದ ರೋಸ್‌ಬಡ್‌ನಲ್ಲಿ ಹುಟ್ಟಿದ ಅವರು ಇಲ್ಲಿ ಮಗಳ ಜೊತೆ ಇದ್ದಾರೆ. ಮೊಮ್ಮಕ್ಕಳು ಅವರನ್ನು ಉಂಚಿ ಎನ್ನುತ್ತಾರೆ, ಅವರ ಭಾಷೆಯಲ್ಲಿ ಅಜ್ಜಿ ಎಂದೇ ಅರ್ಥ. ನಾನೂ ಹಾಗೆಯೇ ಕರೆಯುತ್ತೇನೆ.

ಅವರ ಅಡುಗೆಮನೆಯ ಗೋಡೆಗೆ ಮೊಳದುದ್ದದ ಜಡೆಯೊಂದು ನೇತಾಡುತ್ತಿತ್ತು. ಬೆಳ್ಳುಳ್ಳಿಯ ಜಡೆಯಿರಬೇಕೆಂದು ಹತ್ತಿರ ಹೋಗಿ ನೋಡಿದರೆ ಸುಣ್ಣದಂತೆ ಬೆಳ್ಳಗಿನ, ಕಲ್ಲಿನಂತೆ ಗಟ್ಟಿಯಾದ, ಕೋಳಿಮೊಟ್ಟೆಗಿಂತ ಸಣ್ಣ ಗೆಡ್ಡೆಗಳು. ಒಂದರ ಬಾಲವನ್ನು ಇನ್ನೊಂದರ ಬಾಲಕ್ಕೆ ಸೇರಿಸಿ ಹೆಣೆದಿದ್ದರು. ಅದು ತಿಂಪ್ಸಿಲ, ಇಂಗ್ಲಿಷಿನವರು ಪ್ರೇರಿ ಟರ್ನಿಪ್ ಎನ್ನುವ ಗೆಡ್ಡೆ. ಹೆಸರಿಗೆ ಟರ್ನಿಪ್ ಆದರೂ ಅದು ಅವರೆ, ಹುರುಳಿಯ ಕುಟುಂಬದ್ದು. ಸಸ್ಯಶಾಸ್ತ್ರಜ್ಞರು ಮೊದಲು ಇದನ್ನು ಸೊರಾಲಿಯ ಎಂಬ ಕುಲದಲ್ಲಿ ಇಟ್ಟಿದ್ದರು. ತೊನ್ನಿಗೆ ಮದ್ದೆಂದು ನಮ್ಮ ಕಡೆ ಬಳಸುವ ಬಾವಂಚಿಯೂ ಅದೇ ಕುಲದಲ್ಲಿತ್ತು. ನಂಟು ದೂರದ್ದು, ಆದರೂ ನಿಜವಾದದ್ದು.

ಜೂನ್ ತಿಂಗಳಲ್ಲಿ ಪರಿಚಯದ ರೈತರೊಬ್ಬರ ಹುಲ್ಲುಗಾವಲಿಗೆ ಅವರ ಒಪ್ಪಿಗೆ ಪಡೆದು ಉಂಚಿ ನಮ್ಮನ್ನು ಕರೆದುಕೊಂಡು ಹೋದರು. (ಕಾನ್ಝಾದಲ್ಲಿ ಗಿಡ ಕೀಳುವಂತಿಲ್ಲ.) ಬೆಳ್ಳನೆಯ ರೋಮ ಹೊತ್ತ ಕಾಂಡ, ಅಂಗೈಯಂತೆ ಬಿಚ್ಚಿಕೊಂಡ ಐದೈದು ಎಲೆ, ನೀಲಿ ಹೂವಿನ ತೆನೆ, ಗಿಡದ ಎತ್ತರ ಗೇಣಿಗಿಂತ ತುಸು ಹೆಚ್ಚು. ಒಂದು ಗಿಡ ಸಿಕ್ಕರೆ ಅದರ ಕೊಂಬೆ ಚಾಚಿದ ದಿಕ್ಕಿಗೆ ನಡೆಯಬೇಕು, ಗಿಡಗಳು ಒಂದನ್ನೊಂದು ಬೆರಳು ಮಾಡಿ ತೋರಿಸುತ್ತವೆ ಎಂದು ಅವರ ಕಡೆಯ ತಾಯಂದಿರು ಮಕ್ಕಳಿಗೆ ಹೇಳುತ್ತಾರಂತೆ. ನನ್ನ ಮಗಳು ಅದನ್ನು ಅಕ್ಷರಶಃ ನಂಬಿ ನಡೆದಳು. ಮೊದಲ ಸಲ ಸಿಕ್ಕಿದ್ದು ಒಣಗಿದ ಸಗಣಿ, ಎರಡನೆಯ ಸಲ ನಿಜವಾಗಿಯೂ ತಿಂಪ್ಸಿಲ.

ಹಿಂದೆ ಹೆಂಗಸರು ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಮರದ ಕೋಲಿನಿಂದ ಅಗೆಯುತ್ತಿದ್ದರು, ನಾವು ಹಾರೆ ಬಳಸಿದೆವು. ಕಲ್ಲುನೆಲದಲ್ಲಿ ಎಂಟು ಗೆಡ್ಡೆ ಕೀಳುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಕಂದು ಬಣ್ಣದ ಒರಟು ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿದರೆ ಬಟ್ಟೆ ಕಳಚಿದಂತೆ ಬರುತ್ತದೆ. ಒಳಗಿನ ಬಿಳಿ ತಿರುಳನ್ನು ಹಸಿಯಾಗಿಯೇ ಕಚ್ಚಿದಾಗ ಆಗತಾನೇ ಕಿತ್ತ ಎಳೆ ಕಡಲೆಕಾಯಿಯ ರುಚಿ ನಾಲಿಗೆಗೆ ಬಂತು. ಕಡಲೆಕಾಯಿಯ ಊರಿನಿಂದ ಬಂದವಳ ಮಾತಿದು, ನಂಬಬಹುದು.

ಜೂನ್‌ನಲ್ಲೇ ಏಕೆ ಕೀಳಬೇಕೆಂಬುದಕ್ಕೆ ಕಾರಣವಿದೆ. ಬೀಜ ಬಲಿತ ಮೇಲೆ ಗಿಡದ ಮೇಲ್ಭಾಗ ನೆಲಮಟ್ಟದಲ್ಲಿ ಮುರಿದು, ಗಾಳಿಗೆ ಉರುಳುತ್ತಾ ಬೀಜ ಚೆಲ್ಲಿಕೊಂಡು ಹೋಗಿಬಿಡುತ್ತದೆ; ಆಮೇಲೆ ಗೆಡ್ಡೆ ಎಲ್ಲಿದೆ ಎಂಬುದಕ್ಕೆ ಗುರುತೇ ಇರುವುದಿಲ್ಲ. ತೀರಾ ಮೊದಲೇ ಕಿತ್ತರೆ ಬೀಜವಾಗಿರುವುದಿಲ್ಲ. ಈ ಎರಡರ ನಡುವಿನ ಕೆಲವೇ ವಾರಗಳು ಎಷ್ಟು ಮುಖ್ಯವೆಂದರೆ ಲಕೋಟಾ ಪಂಚಾಂಗದಲ್ಲಿ ಜೂನ್ ತಿಂಗಳಿಗೆ ತಿಂಪ್ಸಿಲದ ಹೆಸರೇ ಇದೆ. ಪ್ರತಿ ಗೆಡ್ಡೆ ಕಿತ್ತ ಮೇಲೂ ಉಂಚಿ ಅದರ ತೆನೆಯನ್ನು ಅದೇ ಗುಳಿಗೆ ಹಾಕಿ ಮಣ್ಣು ಮುಚ್ಚಿ ತುಳಿಯುತ್ತಿದ್ದರು. ನಾನು ಎರಡು ಗುಳಿಗಳನ್ನು ಹಾಗೆಯೇ ಬಿಟ್ಟು ಮುಂದೆ ಹೋಗಿದ್ದೆ. ಏನೂ ಹೇಳದೆ ಹಿಂದಿರುಗಿ ತಾವೇ ಮುಚ್ಚಿ ಬಂದರು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಇಲಿಯೊಡನೆ ನಡೆಯುತ್ತಿದ್ದ ವ್ಯಾಪಾರವನ್ನು ಅವರು ಹೇಳಿದ್ದು ಅಂದೇ. ನದಿಯ ಬದಿಯ ಪೊದೆಗಳಲ್ಲಿ ಒಂದು ಬಳ್ಳಿ ನೆಲದೊಳಗೆ ಕಾಳು ಕಟ್ಟುತ್ತದೆ, ಹೊಲದ ಇಲಿಗಳು ಚಳಿಗಾಲಕ್ಕೆಂದು ಅದನ್ನು ಬಿಲದಲ್ಲಿ ಕೂಡಿಡುತ್ತವೆ. ಲಕೋಟಾದವರ ಬಂಧು ಜನಾಂಗವಾದ ಡಕೋಟಾದ ಹೆಂಗಸರು ಆ ಕಣಜದಿಂದ ಕಾಳು ತೆಗೆದು, ಬದಲಿಗೆ ಜೋಳವನ್ನೋ ಕೊಬ್ಬಿನ ತುಂಡನ್ನೋ ಇಟ್ಟು ಬರುತ್ತಿದ್ದರು. ಮೆಲ್ವಿನ್ ಗಿಲ್ಮೋರ್ ಎಂಬ ವಿದ್ವಾಂಸರು 1919ರಲ್ಲಿ ಪ್ರಕಟಿಸಿದ ಮಿಸ್ಸೂರಿ ನದಿ ಪ್ರದೇಶದ ಸಸ್ಯಬಳಕೆಯ ವರದಿಯಲ್ಲಿಯೂ ಈ ಕಾಳಿನ ವಿಷಯವಿದೆ.

ಔಷಧದ ಗಿಡಗಳಲ್ಲಿ ಉಂಚಿ ಮೊದಲು ತೋರಿಸಿದ್ದು ಇಚಾಖ್ಪೆ ಹು, ಅಂದರೆ ಜಗತ್ತಿನ ಔಷಧದಂಗಡಿಗಳೆಲ್ಲ ಮಾರುವ ಎಕಿನೇಸಿಯ. ಮುಳ್ಳಿನ ಗೋಪುರದಂಥ ನಡುಭಾಗ, ಜೋತುಬಿದ್ದ ತಿಳಿನೇರಳೆ ಎಸಳು. ಬೇರಿನ ಚೂರೊಂದನ್ನು ಹಲ್ಲಿನಡಿ ಇಟ್ಟುಕೊಳ್ಳಲು ಹೇಳಿದರು. ಅರೆ ನಿಮಿಷದಲ್ಲಿ ನಾಲಿಗೆ ಜುಮುಗುಟ್ಟಿ, ಜೊಲ್ಲು ಸುರಿದು, ಒಸಡು ಮರಗಟ್ಟಿತು. ಹಲ್ಲುನೋವಿಗೆ ನಮ್ಮಜ್ಜಿ ಅಗಿಸುತ್ತಿದ್ದ ಅಕ್ಕಲಕರೆ ತಟ್ಟನೆ ನೆನಪಾಯಿತು. ಎರಡರಲ್ಲಿಯೂ ಆಲ್ಕಮೈಡ್ ಎಂಬ ಒಂದೇ ಬಗೆಯ ರಾಸಾಯನಿಕಗಳಿವೆ ಎಂದು ಆಮೇಲೆ ಓದಿ ತಿಳಿದೆ. ಇಲ್ಲಿನ ಬಯಲಿನ ಮೂಲನಿವಾಸಿಗಳು ಎಕಿನೇಸಿಯವನ್ನು ಹಲ್ಲುನೋವು, ಸುಟ್ಟ ಗಾಯ, ಹಾವಿನ ಕಡಿತ ಎಲ್ಲಕ್ಕೂ ಬಳಸುತ್ತಿದ್ದರು. 1880ರ ದಶಕದಲ್ಲಿ ನೆಬ್ರಾಸ್ಕಾದ ಮೇಯರ್ ಎಂಬ ನಾಟಿ ವೈದ್ಯ ಇದರ ಕಷಾಯವನ್ನು ರಕ್ತಶುದ್ಧಿಯ ಮದ್ದೆಂದು ಮಾರುತ್ತಾ, ಸಿನ್ಸಿನಾಟಿಯ ಔಷಧ ತಯಾರಕ ಜಾನ್ ಲಾಯ್ಡ್ ನಂಬದಿದ್ದಾಗ, ನಿಮ್ಮೆದುರೇ ಬುಡುಬುಡಿಕೆ ಹಾವಿನಿಂದ ಕಚ್ಚಿಸಿಕೊಳ್ಳುತ್ತೇನೆ ಎಂದು ಬರೆದಿದ್ದ. ಲಾಯ್ಡ್ ಬೇಡವೆಂದರು, ಬಹುಶಃ ಇಬ್ಬರಿಗೂ ಒಳ್ಳೆಯದಾಯಿತು. ಇಂದು ಶೀಶೆಯಲ್ಲಿ ಸಿಗುವುದು ನೆಗಡಿಗೆ, ಅದು ಗುಣ ಕೊಡುತ್ತದೆಯೇ ಎಂಬುದರ ಬಗ್ಗೆ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ನನಗೆ ಕಾಣುವಂತೆ ಶೀಶೆಗೆ ಇಳಿಯುವಾಗ ಗಿಡ ಬಂತು. ಯಾವಾಗ ಕೀಳಬೇಕು, ಎಷ್ಟು ಬಿಡಬೇಕು ಎಂಬುದು ಬರಲಿಲ್ಲ. ಬೇರಿಗೆ ಬೆಲೆ ಬಂದಾಗಲೆಲ್ಲ ದಿಣ್ಣೆಗಳನ್ನು ಬರಿದು ಮಾಡಿದವರಿದ್ದಾರೆ.

ಉಳಿದವನ್ನು ಬೇಗ ಹೇಳುತ್ತೇನೆ. ಕಾಡು ಬರ್ಗಮಾಟ್ ಎಂಬ ನಸುನೇರಳೆ ಹೂವಿನ ಗಿಡದ ಎಲೆ ಹೊಸಕಿದರೆ ಓಮದ ಘಮ, ಏಕೆಂದರೆ ಅದರಲ್ಲಿಯೂ ಥೈಮಾಲ್ ಇದೆ. ನೆಗಡಿಗೆ ಅದನ್ನು ಕುದಿಸಿ ಕುಡಿಯುತ್ತಾರೆ, ನಮ್ಮ ಮನೆಯಲ್ಲೂ ಅದೀಗ ರೂಢಿ. ಪೂಜೆಗಳಲ್ಲಿ ಹೊಗೆ ಹಾಕುವ ಬಿಳಿ ಸೇಜ್ ನಮ್ಮ ದವನದ ಕುಲದ್ದೇ. ಚಂಪಾ ಎಂದಾಗ ನಾನು ಸಂಪಿಗೆ ಎಂದುಕೊಂಡೆ, ಅದು ಒಗರು ಕಾಡುಚೆರ್ರಿಯ ಲಕೋಟಾ ಹೆಸರು. ಬೀಜದೊಳಗೆ ವಿಷಾಂಶವಿರುವುದರಿಂದ ಹಣ್ಣನ್ನು ಬೀಜ ಸಹಿತ ಕುಟ್ಟಿ, ವಡೆಯಂತೆ ತಟ್ಟಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಯೇ ಇಡುತ್ತಾರೆ. ಎಕ್ಕದ ಸಂಬಂಧಿಯಾದ ಮಿಲ್ಕ್‌ವೀಡ್‌ನ ಎಳೆಕಾಯನ್ನು ಬೇಯಿಸಿ ತಿನ್ನುತ್ತಾರೆ. ಎಕ್ಕದ ಹಾಲು ಕಣ್ಣಿಗೆ ಬಿದ್ದೀತು ಜೋಕೆ ಎಂದು ಕೇಳಿಕೊಂಡು ಬೆಳೆದ ನನಗೆ ಅದನ್ನು ಬಾಯಿಗಿಡಲು ಇನ್ನೂ ಧೈರ್ಯ ಬಂದಿಲ್ಲ. ಕಾಡು ಈರುಳ್ಳಿಯ ವಿಷಯದಲ್ಲಂತೂ ಉಂಚಿ ಗದರಿಸಿಯೇ ಹೇಳಿದರು: "ಈರುಳ್ಳಿ ವಾಸನೆ ಬರದಿದ್ದರೆ ಮುಟ್ಟಬೇಡ." ಅದರಂತೆಯೇ ಕಾಣುವ ಡೆತ್ ಕ್ಯಾಮಸ್ ಇದೇ ದಿಣ್ಣೆಗಳಲ್ಲಿದೆ, ಅದು ವಿಷ.

ಆ ಎಂಟು ಗೆಡ್ಡೆಗಳನ್ನು ಹೆಣೆದು ಒಣಗಿಸಿ ಚಳಿಗಾಲದವರೆಗೆ ಇಟ್ಟುಕೊಂಡೆ. ಉಂಚಿ ಅದನ್ನು ಒಣಮಾಂಸ ಮತ್ತು ಮುಸುಕಿನ ಜೋಳದ ಜೊತೆ ಬೇಯಿಸುತ್ತಾರೆ. ಮಾಂಸ ತಿನ್ನದ ನಾನು ಜನವರಿಯ ಒಂದು ದಿನ ನಾಲ್ಕನ್ನು ರಾತ್ರಿಯಿಡೀ ನೆನೆಸಿ, ಎರಡು ಗಂಟೆ ಕುದಿಸಿ, ಹುಳಿಗೆ ಹಾಕಿದೆ. ಬೆಂದರೂ ಕರಗದೆ, ಹುಣಸೆಯ ರಸ ಹೀರಿಕೊಂಡು ಸೊಗಸಾಗಿತ್ತು. ಒಂದು ಡಬ್ಬಿ ಉಂಚಿಯ ಮನೆಗೂ ಒಯ್ದೆ. ಖಾರಕ್ಕೆ ಕಣ್ಣೊರೆಸಿಕೊಂಡು ಎರಡನೆಯ ಸಲ ಬಡಿಸಿಕೊಂಡ ಅವರು, ಈ ಹುಳಿ ಯಾವುದರದೆಂದು ಕೇಳಿದರು. ಹುಣಸೆ ಮರದ ಬಗ್ಗೆ ಹೇಳಿದೆ.

"ಯಾವ ತಿಂಗಳಲ್ಲಿ ಬಡಿಯುತ್ತೀರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಕೇಳಿ, ಮರುದಿನ ಹೋಗಿ ಹೇಳಿದೆ: ಶಿವರಾತ್ರಿಯ ಹೊತ್ತಿಗೆ.