ಅಡ್ಡಗೆರೆ ಎಳೆದ ಹೆಸರು

ಕುಟುಂಬ ಜನಸಂಖ್ಯಾಶಾಸ್ತ್ರದಲ್ಲಿ ನಾನು ಬರೆದ ಮೊದಲ ಪ್ರಬಂಧದ ತೀರ್ಮಾನ ಒಂದೇ ಸಾಲಿನದು: ವಿಭಕ್ತ ಕುಟುಂಬಗಳ ಪಾಲು ಏರಿದೆ, ಹಾಗಾಗಿ ಕೂಡಿ ಬಾಳುವ ಮನಸ್ಸು ಕುಗ್ಗುತ್ತಿದೆ. ಕೋಷ್ಟಕಗಳಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೂ ಪ್ರಬಂಧ ವಾಪಸ್ ಬಂತು. ಪರಿಶೀಲಕರು ಕೇಳಿದ್ದು ಇಷ್ಟೇ: "ಇರುವ ಹಿರಿಯರು ಎಷ್ಟು ಮನೆಗೆ ಸಾಲುತ್ತಾರೆ?"

ಆ ಪ್ರಶ್ನೆ ತಲೆಗೆ ಹತ್ತಲು ಒಂದು ವಾರ ಹಿಡಿಯಿತು. ಕೊನೆಗೆ ಹಾಳೆ ಮೇಲೆ ಲೆಕ್ಕ ಹಾಕಿದೆ. ಒಂದು ದಂಪತಿಗೆ 3 ಗಂಡುಮಕ್ಕಳು, ಮೂವರಿಗೂ ಮದುವೆಯಾಗಿದೆ. ತಂದೆತಾಯಿ ಒಬ್ಬ ಮಗನ ಜೊತೆ ಇರುವುದು ರೂಢಿ. ಆ ರೂಢಿ ಚಾಚೂ ತಪ್ಪದೆ ನಡೆದರೂ 3 ಮನೆಗಳಲ್ಲಿ 2 ವಿಭಕ್ತವೇ. ಅದೇ ಮೂವರಲ್ಲಿ ಇಬ್ಬರು ಎಳವೆಯಲ್ಲೇ ತೀರಿಹೋಗಿದ್ದರೆ? ಉಳಿಯುವುದು ಒಂದೇ ಮನೆ, ಅದು ಕೂಡುಕುಟುಂಬ. ಅಂದರೆ ಯಾರ ಮನಸ್ಸೂ ಬದಲಾಗಬೇಕಿಲ್ಲ, ಮಕ್ಕಳ ಸಾವು ಇಳಿದರೆ ಸಾಕು, ಕೋಷ್ಟಕದಲ್ಲಿ ವಿಭಕ್ತ ಮನೆಗಳು ಏರುತ್ತವೆ. ಮಕ್ಕಳು ಬದುಕುಳಿದದ್ದನ್ನು ನಾನು ಮೌಲ್ಯಗಳ ಕುಸಿತ ಅಂತ ಬರೆದಿದ್ದೆ. ಅದು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಇನ್ನೊಂದು ಪಾಠ ಸಿಕ್ಕಿದ್ದು ಇತಿಹಾಸಕಾರ ಲುಟ್ಜ್ ಬರ್ಕ್ನರ್ ಅವರ 1972ರ ಲೇಖನದಿಂದ. ಆಸ್ಟ್ರಿಯಾದ 1763ರ ಗಣತಿ ಪಟ್ಟಿಯನ್ನು ಅವರು ಯಜಮಾನನ ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದರು. ಯಜಮಾನ ಇನ್ನೂ ಯುವಕನಾಗಿದ್ದ ಮನೆಗಳಲ್ಲಿ ಹೆಚ್ಚಾಗಿ ಹಿರಿಯರೂ ಜೊತೆಗಿದ್ದರು. ಅವರು ಕಾಲವಾದ ಮೇಲೆ ಅದೇ ಮನೆ ವಿಭಕ್ತದ ಲೆಕ್ಕಕ್ಕೆ ಹೋಗುತ್ತಿತ್ತು. ಗಣತಿ ಒಂದು ದಿನದ್ದು, ಮನೆಯ ಆಯುಸ್ಸು ದಶಕಗಳದ್ದು.

ಆದರೆ ನನ್ನನ್ನು ನಿಜಕ್ಕೂ ತಿದ್ದಿದವರು ಕ್ಷೇತ್ರಕಾರ್ಯದಲ್ಲಿ ಸಿಕ್ಕ ಒಬ್ಬ ಅಜ್ಜಿ. "ಈ ಮನೆಯಲ್ಲಿ ಯಾರ್ಯಾರು ಇರ್ತೀರಿ?" ಅಂತ ಕೇಳಿದ್ದಕ್ಕೆ ಮೊದಲು ಹೇಳಿದ್ದು ದೂರದಲ್ಲಿರುವ ಮಗಳ ಹೆಸರು.

"ಅವರು ಇಲ್ಲಿರಲ್ವಲ್ಲ ಅಜ್ಜಿ?"

"ಇರಲ್ಲ. ಆದ್ರೆ ದಿನಾ ರಾತ್ರಿ ಫೋನ್ ಮಾಡಿ ಮಾತ್ರೆ ತಗೊಂಡ್ಯಾ ಅಂತ ಕೇಳೋಳು ಅವಳೇ. ಬರ್ಕೊಳಮ್ಮ."

ಬರೆದೆ. ನಿಯಮದ ಪ್ರಕಾರ ಹೊರಗೆ ಬಂದು ಆ ಹೆಸರಿಗೆ ಅಡ್ಡಗೆರೆ ಎಳೆದೆ. ನಮ್ಮ ನಮೂನೆಯಲ್ಲಿ ಕುಟುಂಬ ಅಂದರೆ ಒಂದು ಸೂರು, ಒಂದು ಒಲೆ. ಎಣಿಸಲು ಅದು ಸುಲಭ, ಅದಿಲ್ಲದೆ ಗಣತಿ ನಡೆಯುವುದೂ ಇಲ್ಲ. ಆದರೆ ಆ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದವಳು ನನ್ನ ದತ್ತಾಂಶದಲ್ಲಿ ಎಲ್ಲೂ ಇಲ್ಲ.

ಅಲ್ಲಿಂದೀಚೆಗೆ ನನ್ನ ಪ್ರಶ್ನಾವಳಿಗಳಲ್ಲಿ ಎರಡನೇ ಪಟ್ಟಿ ಇದ್ದೇ ಇರುತ್ತದೆ: ಬೇರೆ ಕಡೆ ಇರುವವರಲ್ಲಿ ದುಡ್ಡು ಕಳಿಸುವವರು ಯಾರು, ಕಾಯಿಲೆಯಾದರೆ ಓಡಿ ಬರುವವರು ಯಾರು, ಬರಲು ಎಷ್ಟು ಹೊತ್ತು ಬೇಕು. ಇದರಿಂದ ಸಂದರ್ಶನ ಉದ್ದವಾಗುತ್ತದೆ, ಖರ್ಚೂ ಏರುತ್ತದೆ. ಬಜೆಟ್ ಕಡಿತ ಬಂದಾಗ ಮೊದಲು ಕಣ್ಣು ಬೀಳುವುದು ಈ ಪುಟದ ಮೇಲೇ. ಮಾದರಿಯ ಗಾತ್ರವನ್ನಾದರೂ ಇಳಿಸಿದ್ದೇನೆ, ಇದನ್ನು ಬಿಟ್ಟುಕೊಟ್ಟಿಲ್ಲ.

ಈಗ ನನ್ನ ವಿದ್ಯಾರ್ಥಿಗಳ ಮುಂದಿರುವ ಲೆಕ್ಕ ಉಲ್ಟಾ. ಒಬ್ಬಳೇ ಮಗಳು, ಒಬ್ಬನೇ ಮಗ ಮದುವೆಯಾದರೆ 4 ಹಿರಿಯರು, 1 ಮನೆ. ಯಾರೂ ಯಾರನ್ನೂ ಕೈಬಿಡದಿದ್ದರೂ ಅವರಲ್ಲಿ ಇಬ್ಬರ ಹೆಸರಾದರೂ ಬೇರೆ ಮನೆಯ ನಮೂನೆಯಲ್ಲಿರುವ ಸಂಭವವೇ ಹೆಚ್ಚು. ಅವರಿಗಾಗಿ ಎರಡನೇ ಪಟ್ಟಿಯಲ್ಲಿ ಈ ವರ್ಷ ಎರಡು ಸಾಲು ಹೆಚ್ಚಿಸಿದ್ದೇವೆ.