ಫ್ರೆಂಚ್ ಆಸ್ಪತ್ರೆ ದಾಖಲೆಗಳಲ್ಲಿನ ಸಂಕ್ಷಿಪ್ತಾಕ್ಷರಗಳು

ತುಮಕೂರಿನ ಮನೆಯಲ್ಲಿ ಕುಳಿತು ನಾನು ಮಾಡುವ ಫ್ರೆಂಚ್-ಇಂಗ್ಲಿಷ್ ಅನುವಾದದಲ್ಲಿ ದೊಡ್ಡ ಪಾಲು ಆಸ್ಪತ್ರೆಯ ಕಾಗದಪತ್ರಗಳದ್ದು. ಕಾಂಗೊ, ಐವರಿ ಕೋಸ್ಟ್, ಗ್ಯಾಬನ್‌ನಂತಹ ದೇಶಗಳಿಂದ ಚಿಕಿತ್ಸೆಗೆಂದು ಬೆಂಗಳೂರಿಗೆ ಬರುವವರು ತಮ್ಮೂರಿನ ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟುಗಳನ್ನು ಜೊತೆಗೆ ತರುತ್ತಾರೆ. ಇಲ್ಲಿನ ವೈದ್ಯರು ಓದಬೇಕೆಂದರೆ ಅವು ಇಂಗ್ಲಿಷಿಗೆ ಬರಬೇಕು. ವಾಕ್ಯಗಳು ಅಷ್ಟಾಗಿ ಕಾಡುವುದಿಲ್ಲ, ಕಾಡುವುದು ಸಂಕ್ಷಿಪ್ತಾಕ್ಷರಗಳು. ನಮ್ಮ ಕಡೆಯ ಕೇಸ್ ಶೀಟಿನಲ್ಲಿ ‘ಕೆ/ಸಿ/ಒ’ ಎಂದಿದ್ದರೆ ಮೊದಲಿನಿಂದ ಇರುವ ಕಾಯಿಲೆ ಎಂದು ಇಲ್ಲಿನ ನರ್ಸುಗಳಿಗೆ ತಟ್ಟನೆ ತಿಳಿಯುತ್ತದೆ, ಫ್ರೆಂಚ್ ವೈದ್ಯರಿಗೆ ತಿಳಿಯದು. ಅವರ ‘ಎಟಿಸಿಡಿ’, ಅಂದರೆ ರೋಗಿಯ ಹಿಂದಿನ ಆರೋಗ್ಯ ಚರಿತ್ರೆ, ನಮ್ಮವರಿಗೆ ಅಷ್ಟೇ ಅಪರಿಚಿತ.

ಐಆರ್‌ಎಂ ಎಂದರೆ ಎಂಆರ್‌ಐ, ವಿಐಎಚ್ ಎಂದರೆ ಎಚ್‌ಐವಿ, ಟಿಡಿಎಂ ಎಂದರೆ ಸಿಟಿ ಸ್ಕ್ಯಾನ್, ಎನ್‌ಎಫ್‌ಎಸ್ ಎಂದರೆ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ, ಬಿಪಿಸಿಒ ಎಂದರೆ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಾದ ಸಿಒಪಿಡಿ. ಇವು ನಿರಪಾಯಕಾರಿ, ಗೊತ್ತಿಲ್ಲದವರು ಹುಡುಕಿ ನೋಡುತ್ತಾರೆ.

ಅಪಾಯವಿರುವುದು ಇಂಗ್ಲಿಷಿನಲ್ಲೂ ಅದೇ ಅಕ್ಷರಗಳಲ್ಲಿ ಬೇರೊಂದು ಅರ್ಥ ಕೊಡುವವುಗಳಲ್ಲಿ, ಏಕೆಂದರೆ ಅವನ್ನು ಹುಡುಕಬೇಕೆಂದು ಯಾರಿಗೂ ಅನಿಸುವುದಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ಮೂತ್ರಪಿಂಡದ ಸಾಲಿನ ಮುಂದೆ ‘ಆರ್‌ಎಎಸ್’ ಎಂದು ಮಾತ್ರ ಬರೆದಿರುತ್ತದೆ. ಫ್ರೆಂಚಿನಲ್ಲಿ ಅದು ‘ರಿಯಾಂ ಆ ಸಿನ್ಯಾಲೆ’, ಹೇಳುವಂಥದ್ದೇನೂ ಇಲ್ಲ ಎಂದರ್ಥ. ಹಾಗೆಯೇ ಬಿಟ್ಟರೆ ಇಂಗ್ಲಿಷ್ ಓದುವ ವೈದ್ಯರಿಗೆ ಅದು ಮೂತ್ರಪಿಂಡದ ರಕ್ತನಾಳ ಕಿರಿದಾಗಿರುವ ಕಾಯಿಲೆಯ ಹೆಸರಾಗಿ ಕಾಣಬಹುದು, ಅದೂ ಸರಿಯಾಗಿ ಮೂತ್ರಪಿಂಡದ ಸಾಲಿನಲ್ಲೇ! ‘ಎಂಐ’ ನಮಗೆ ಹೃದಯಾಘಾತ. ಅವರಿಗೆ ಕಾಲುಗಳು, ಹೃದಯಾಘಾತಕ್ಕೆ ಅವರು ಐಡಿಎಂ ಎನ್ನುತ್ತಾರೆ. ‘ಬಿಎಂಆರ್’ ನಮಗೆ ವಿಶ್ರಾಂತಿಯಲ್ಲಿರುವಾಗ ದೇಹ ಖರ್ಚು ಮಾಡುವ ಶಕ್ತಿಯ ಲೆಕ್ಕ, ಅಲ್ಲಿ ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ.

ಫ್ರೆಂಚಿನೊಳಗೇ ಎರಡು ಅರ್ಥ ಕೊಡುವವು ಇನ್ನೊಂದು ಬಗೆಯ ಪೀಕಲಾಟ. ‘ಐವಿಜಿ’ ಸ್ತ್ರೀರೋಗ ವಿಭಾಗದಲ್ಲಿ ಇಚ್ಛೆಯಿಂದ ಮಾಡಿಸಿಕೊಂಡ ಗರ್ಭಪಾತವಾದರೆ, ಹೃದ್ರೋಗ ವಿಭಾಗದಲ್ಲಿ ಹೃದಯದ ಎಡ ಕುಹರದ ವೈಫಲ್ಯ. ವಯಸ್ಸಾದ ಹೆಂಗಸಿನ ಆರೋಗ್ಯ ಚರಿತ್ರೆಯಲ್ಲಿ ಈ ಮೂರು ಅಕ್ಷರಗಳು ಬಂದಾಗ ಎರಡೂ ಸಾಧ್ಯ. ಆಗ ಅಕ್ಕಪಕ್ಕದ ಸಾಲುಗಳನ್ನು ನೋಡಬೇಕು: ಎಡ ಕುಹರದ ಪಂಪಿಂಗ್ ಶೇಕಡಾವಾರನ್ನು ಹೇಳುವ ‘ಎಫ್‌ಇವಿಜಿ’, ಶ್ವಾಸಕೋಶದಲ್ಲಿ ನೀರು ತುಂಬಿದ್ದನ್ನು ಹೇಳುವ ‘ಒಎಪಿ’, ಔಷಧಗಳ ಪಟ್ಟಿಯಲ್ಲಿ ಲಾಸಿಲಿಕ್ಸ್ (ನಮ್ಮಲ್ಲಿ ಲಾಸಿಕ್ಸ್ ಎಂದು ಸಿಗುವ ಫ್ಯೂರೋಸಮೈಡ್ ಮಾತ್ರೆ) ಇದ್ದರೆ ಅದು ಹೃದಯದ ಮಾತೆಂದು ಒಲವು ಮೂಡುತ್ತದೆ, ಹೆರಿಗೆಗಳ ಲೆಕ್ಕವೂ ತಾನಾಗಿ ಆದ ಗರ್ಭಪಾತವನ್ನು ಸೂಚಿಸುವ ‘ಎಫ್‌ಸಿಎಸ್’ ಎಂಬುದೂ ಪಕ್ಕದಲ್ಲಿದ್ದರೆ ಗರ್ಭಪಾತದ್ದು. ಎರಡೂ ಬಗೆಯ ಸುಳಿವುಗಳು ಒಂದೇ ಪುಟದಲ್ಲಿದ್ದರೆ, ಅಥವಾ ಒಂದೂ ಇಲ್ಲದಿದ್ದರೆ, ನಾನು ಊಹಿಸಲು ಹೋಗುವುದಿಲ್ಲ. ಮೂಲದ ಅಕ್ಷರಗಳನ್ನೇ ಉಳಿಸಿ, ಎರಡು ಅರ್ಥಗಳೂ ಸಾಧ್ಯವೆಂದು ಅನುವಾದಕರ ಟಿಪ್ಪಣಿ ಹಾಕುತ್ತೇನೆ. ಏಜೆನ್ಸಿಯವರಿಗೆ ಇಂತಹ ಟಿಪ್ಪಣಿಗಳು ಇಷ್ಟವಾಗುವುದಿಲ್ಲ, ಪುಟ ಚೊಕ್ಕಟವಾಗಿ ಕಾಣಬೇಕು ಎನ್ನುತ್ತಾರೆ. ಒಬ್ಬ ಹೆಂಗಸಿನ ದಾಖಲೆಯಲ್ಲಿ ಆಕೆಗೆ ಆಗದ ಗರ್ಭಪಾತವನ್ನು ಸೇರಿಸುವುದಕ್ಕಿಂತ ಟಿಪ್ಪಣಿ ಮೇಲು ಎಂಬುದು ನನ್ನ ಹಟ.

ಸಂಕ್ಷಿಪ್ತಾಕ್ಷರವನ್ನು ಬದಲಿಸಿದ ಮಾತ್ರಕ್ಕೆ ಪಕ್ಕದಲ್ಲಿರುವ ಅಂಕಿ ಸರಿಹೋಗುವುದಿಲ್ಲ. ‘ಟಿಎ 14/8’ ಎಂದರೆ ನಮ್ಮ ಲೆಕ್ಕದಲ್ಲಿ ಬಿಪಿ 140/80. ಅವರು ಪಾದರಸದ ಮಟ್ಟವನ್ನು ಸೆಂಟಿಮೀಟರಿನಲ್ಲಿ ಹೇಳುವ ರೂಢಿ ಇಟ್ಟುಕೊಂಡಿದ್ದಾರೆ. ಸಕ್ಕರೆಯ ಪ್ರಮಾಣ 1,26 ಎಂದಿದ್ದು ಮುಂದೆ ಗ್ರಾಂ ಪ್ರತಿ ಲೀಟರ್ ಎಂದಿದ್ದರೆ ಅದು ನಮ್ಮ 126. ಅಲ್ಲಿನ ಅಲ್ಪವಿರಾಮ ನಮ್ಮ ದಶಮಾಂಶ ಬಿಂದು, ಆದ್ದರಿಂದ ‘0,5 ಮಿಗ್ರಾಂ’ನಲ್ಲಿ ಅದು ಉದುರಿಹೋದರೆ ಅರ್ಧ ಮಿಲಿಗ್ರಾಂ ಐದಾಗುತ್ತದೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಾದ ‘ಟಿಪಿ’ಯನ್ನು ಅವರು ಶೇಕಡಾವಾರಿನಲ್ಲಿ ಕೊಡುತ್ತಾರೆ, ಸಾಮಾನ್ಯವಾಗಿ 70ಕ್ಕಿಂತ ಮೇಲಿದ್ದರೆ ಸರಿ. ನಮ್ಮ ಲ್ಯಾಬುಗಳ ‘ಪಿಟಿ’ ಸೆಕೆಂಡುಗಳಲ್ಲಿರುತ್ತದೆ. ಟಿಪಿಯನ್ನು ಪಿಟಿ ಎಂದು ತಿರುಗಿಸಿ 45ನ್ನು ಹಾಗೇ ಇಟ್ಟು ಶೇಕಡಾ ಚಿಹ್ನೆ ಬಿಟ್ಟರೆ, ಓದುವ ವೈದ್ಯರಿಗೆ ಅದು 45 ಸೆಕೆಂಡು! ಬಿಪಿಯನ್ನು ನಾನು ಪರಿವರ್ತಿಸಿ ಮೂಲವನ್ನು ಆವರಣದಲ್ಲಿ ಕೊಡುತ್ತೇನೆ, ಲ್ಯಾಬ್ ಅಂಕಿಗಳನ್ನು ಮಾತ್ರ ಮೂಲ ಮಾನದಲ್ಲೇ ಬಿಡುತ್ತೇನೆ. ಲೆಕ್ಕ ಹಾಕುವುದು ವೈದ್ಯರ ಕೆಲಸ, ಮಾನವನ್ನು ಸ್ಪಷ್ಟವಾಗಿ ಬರೆಯುವುದು ನನ್ನದು.

ಕೈಬರಹದ ಚೀಟಿಗಳಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಅವರ 1ರ ತಲೆಯಿಂದ ಎಡಕ್ಕಿಳಿಯುವ ಗೆರೆ ಎಷ್ಟು ಉದ್ದವೆಂದರೆ ನಮ್ಮ ಕಣ್ಣಿಗೆ ಅದು 7ರಂತೆ ಕಾಣುತ್ತದೆ. ನಿಜವಾದ 7ಕ್ಕೆ ಅವರು ನಡುವೆ ಅಡ್ಡಗೆರೆ ಎಳೆಯುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಮಸುಕಾದ ಫೋಟೊದಲ್ಲಿ ಆ ಅಡ್ಡಗೆರೆಯೇ ಮೊದಲು ಮಾಯವಾಗುತ್ತದೆ. ಔಷಧದ ಪ್ರಮಾಣದ ಸಾಲಿನಲ್ಲಿ ಹಾಗಾಗಿದ್ದರೆ ಮೂಲ ಕಾಗದವನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿ ಕಳಿಸುವಂತೆ ಕೇಳುತ್ತೇನೆ. ಅದು ಬಾರದಿದ್ದರೆ ಆ ಜಾಗದಲ್ಲಿ ‘ಓದಲಾಗುತ್ತಿಲ್ಲ’ ಎಂದೇ ಬರೆಯುತ್ತೇನೆ.