ಕತ್ತಲೆ ಕತ್ತಲೆಯಾಗಿಯೇ ಇರಲಿ

10 ನವೆಂಬರ್ 2024, ಭಾನುವಾರ
ಮೂಡಿಗೆರೆ

ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತಿದೆ. ಕೊಯ್ಲು ಶುರುವಾದರೆ ಕ್ಯಾಮೆರಾ ಮುಟ್ಟಲೂ ಪುರುಸೊತ್ತು ಸಿಗುವುದಿಲ್ಲ. ಅದಕ್ಕೇ ಇವತ್ತು ನಸುಕಿನಲ್ಲೇ ಚಾರ್ಮಾಡಿ ಘಾಟಿ ಕಡೆ ಹೊರಟೆ. ಪಿಯುಸಿ ಓದುತ್ತಿರುವ ತಮ್ಮನ ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಘಾಟಿಯ ತಲೆಗೆ ಬರುವಷ್ಟರಲ್ಲಿ ಕಣಿವೆಯ ತುಂಬ ಮಂಜು.

ಮಂಜನ್ನು ಕ್ಯಾಮೆರಾ ತನ್ನ ಪಾಡಿಗೆ ಅಳೆದರೆ ಮಬ್ಬು ಬೂದು ಬರುತ್ತದೆ. ಎದುರಿಗಿರುವುದೆಲ್ಲ ನಡುಮಟ್ಟದ ಬೂದು ಎಂದೇ ಅದರೊಳಗಿನ ಬೆಳಕಿನ ಮೀಟರಿನ ಲೆಕ್ಕ. ಬಿಳಿಯನ್ನು ತಗ್ಗಿಸುತ್ತದೆ, ಕಪ್ಪನ್ನು ಎತ್ತುತ್ತದೆ. ಹಾಗಾಗಿ ಮಂಜಿಗೆ ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡರಷ್ಟು, ಏರಿಸಬೇಕು, ಕಾಡಿನೊಳಗೆ ಒಂದೋ ಒಂದೂವರೆಯೋ ಇಳಿಸಬೇಕು. ಹುಡುಗಿಗೆ ಹೇಳಿಕೊಟ್ಟೆ, ಎರಡು ಫೋಟೋದಲ್ಲೇ ಹಿಡಿದುಕೊಂಡಳು.

ಎಂಟೂವರೆ ಹೊತ್ತಿಗೆ ಮಂಜು ಹರಿದು ಎದುರಿನ ಗುಡ್ಡಗಳು ಕಂಡವು. ಹುಲ್ಲು ಆಗಲೇ ಹೊಂಬಣ್ಣಕ್ಕೆ ತಿರುಗಿದೆ. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಮಡಿಕೆಗಳಲ್ಲಿ ಕಪ್ಪಗೆ ಶೋಲಾ ಕಾಡು. ಇವನ್ನು ಬೋಳುಗುಡ್ಡ ಅನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಣ್ಣು ತೆಳ್ಳಗಿದ್ದು ಗಾಳಿ ಬಡಿಯುವ ಕಡೆ ಹುಲ್ಲು, ಮಣ್ಣು ಆಳವಾಗಿದ್ದು ನೀರು ನಿಲ್ಲುವ ಕಡೆ ಮರ. ಬಿದ್ದ ಮಳೆಯನ್ನು ಹುಲ್ಲು ಹೀರಿಕೊಂಡು ಮೆಲ್ಲಗೆ ಕೆಳಗೆ ಬಿಡುವುದರಿಂದಲೇ ಇಲ್ಲಿನ ಹಳ್ಳಗಳು ಮಳೆಗಾಲ ಮುಗಿದ ಮೇಲೂ ಹರಿಯುತ್ತವೆ. ಪಡುವಣಕ್ಕೆ ಇಳಿದ ನೀರು ನೇತ್ರಾವತಿಗೆ, ಮೂಡಣಕ್ಕೆ ಇಳಿದದ್ದು ಹೇಮಾವತಿಗೆ. ಈ ಹುಲ್ಲಿನ ನವೆಂಬರ್ ಬಣ್ಣವನ್ನು ಮೊಬೈಲಿನಲ್ಲಿ ಹಸಿರಿಗೆ ತಿರುಗಿಸಿ ಹಾಕುವುದು ಯಾಕೋ? ಹುಲ್ಲಿಗೂ ಒಂದು ಕಾಲಮಾನ ಇದೆಯಲ್ಲ.

ಆಮೇಲೆ ಬಂದದ್ದೇ ಈ ದಿನದ ಮುಖ್ಯ ಭಾಗ. ಪರಿಚಯದವರ ತೋಟದ ಅಂಚಿನಲ್ಲಿ ಕಾಡಿನಿಂದ ಇಳಿದು ಬರುವ ಸಣ್ಣ ಹಳ್ಳವಿದೆ. ಅವರನ್ನು ಕೇಳಿಕೊಂಡು ಇಳಿದೆವು. ಇಂಬಳ (ಜಿಗಣೆ) ಕಡಿಮೆಯಾಗಿದ್ದವು. ಮೇಲೆ ಕೊಂಬೆಗಳು ಕೂಡಿಕೊಂಡು ಆಕಾಶವೇ ಇಲ್ಲ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೊದಲು ನೀರಿನ ಸದ್ದು, ಆಮೇಲೆ ಬಂಡೆಗಳ ಹೊಳಪು, ಅದಾದ ಮೇಲೆ ಹಾವಸೆ, ಹೀಗೆ ಒಂದೊಂದಾಗಿ ತೆರೆದುಕೊಂಡಿತು.

ಹುಡುಕುತ್ತಿದ್ದದ್ದು ಕುಣಿಯುವ ಕಪ್ಪೆಯನ್ನು. ವೈಜ್ಞಾನಿಕ ಹೆಸರು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ನಮ್ಮ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತದ್ದು. 1937ರಲ್ಲಿ ಇದನ್ನು ಮೊದಲು ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್. ಈಗಿನ ಚಿಕ್ಕಮಗಳೂರು ಆಗಿನ್ನೂ ಕಡೂರು ಜಿಲ್ಲೆ. ಕಪ್ಪೆ ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದು, ಒದ್ದೆ ಬಂಡೆಯದ್ದೇ ಕಂದು ಬಣ್ಣ. ಅಲುಗದಿದ್ದರೆ ಕಾಣುವುದೇ ಇಲ್ಲ.

ಅಲುಗಿತು. ಗಂಟಲ ಕೆಳಗಿನ ಬಿಳಿ ಚೀಲ ಒಮ್ಮೆ ಉಬ್ಬಿ ಇಳಿಯಿತು. ಕೂಗಿದ್ದಿರಬೇಕು, ನೀರಿನ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ. ಮತ್ತೆ ಕೂತಲ್ಲೇ ಹಿಂಗಾಲನ್ನು ಬಂಡೆಗೆ ತಟ್ಟಿತು, ತಟ್ಟಿತು, ಆಮೇಲೆ ಕಾಲನ್ನು ಪೂರ್ತಿ ಹಿಂದಕ್ಕೆ ಚಾಚಿ ಬೆರಳುಗಳನ್ನು ಬಿಡಿಸಿತು. ಬೆರಳ ನಡುವಿನ ತೆಳು ಪೊರೆ ಬೆಳ್ಳಗೆ ಮಿಂಚಿ ಮಡಿಚಿಕೊಂಡಿತು. ಎರಡು ಬಂಡೆ ಆಚೆಗಿದ್ದ ಇನ್ನೊಂದು ಗಂಡು ಅದಕ್ಕೆ ಉತ್ತರವಾಗಿ ತನ್ನ ಕಾಲು ಚಾಚಿತು. ಭೋರ್ಗರೆಯುವ ಹಳ್ಳದಲ್ಲಿ ಧ್ವನಿ ಒಂದನ್ನೇ ನಂಬಿ ಕೂತರೆ ಆಗದು, ಅದಕ್ಕೇ ಈ ಕಾಲಿನ ಮಾತು. ಹುಡುಗಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಫ್ಲಾಶ್ ಹಾಕಲಿಲ್ಲ, ಕಲ್ಲು ಸರಿಸಲಿಲ್ಲ. ಮಣ್ಣಿನ ಮೇಲೆ ಹೊಟ್ಟೆ ಹಚ್ಚಿ ಮಲಗಿದೆ. ಒದ್ದೆ ಎಲೆಯ ಹೊಳಪು ತೆಗೆಯಲು ಹಾಕಿದ್ದ ಪೋಲರೈಸರ್ ಫಿಲ್ಟರ್ ಬಿಚ್ಚಿಟ್ಟೆ, ಅದು ಒಂದೂವರೆ ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ. ಕತ್ತಲೆಗಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200, ಶಟರ್ ಸೆಕೆಂಡಿನ 1/250. ಕಾಲು ಚಾಚಿದ ಗಳಿಗೆ ಸಿಕ್ಕಿತು. ಸ್ವಲ್ಪ ತರಿತರಿಯಾಗಿದೆ, ಇರಲಿ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡುವಾಗ ಅವಳು, “ದೊಡ್ಡಪ್ಪ, ತುಂಬಾ ಕತ್ಲೆ ಅಲ್ವಾ? ಸ್ವಲ್ಪ ಬ್ರೈಟ್ ಮಾಡಿ” ಅಂದಳು.

“ನೀನೇ ಮಾಡು” ಅಂದೆ. ಮಾಡಿದಳು. ಬಂಡೆಯ ಒಂದೊಂದು ಗೆರೆಯೂ ಕಂಡಿತು, ಹಿಂದಿನ ಜರಿಗಿಡದ ಎಲೆ ಎಣಿಸಬಹುದಾಯಿತು. ಆದರೆ ಕಪ್ಪೆಯ ಬಿಳಿ ಪಾದ ಎಲ್ಲಿ ಅಂತ ಹುಡುಕಬೇಕಾಯಿತು. ಅವಳೇ ಮೊದಲಿನಂತೆ ಇಳಿಸಿದಳು. ಪಾದ ಮತ್ತೆ ಎದ್ದು ನಿಂತಿತು.

ನಾನು ಇಷ್ಟು ದಿನ ಬಾಯಿಮಾತಿನಲ್ಲಿ ಹೇಳುತ್ತಿದ್ದದ್ದನ್ನು ಆ ಕಪ್ಪೆ ತೋರಿಸಿಕೊಟ್ಟಿತು. ಘಟ್ಟದ ಕಾಡಿಗೆ ಕತ್ತಲೆ ಒಂದು ಕೊರತೆಯಲ್ಲ. ಆ ಜೀವ ತನ್ನ ಗುರುತನ್ನು ಕಳಿಸುತ್ತಿರುವುದೇ ಆ ಕಪ್ಪು ಬಂಡೆಯ, ಆ ಮಂದ ಬೆಳಕಿನ ಮೇಲೆ. ಅದನ್ನು ಒರೆಸಿ ಎಲ್ಲವನ್ನೂ ಬೆಳಗಿಸಿದ ಚಿತ್ರದಲ್ಲಿ ಕಪ್ಪೆ ಇರುತ್ತದೆ, ಅದರ ಮಾತು ಇರುವುದಿಲ್ಲ. ನೋಡುವವರು ಫೋಟೋದ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲಲಿ. ಹಳ್ಳದ ದಡದಲ್ಲಿ ನಾವೂ ನಿಂತೆವಲ್ಲ.

ಅವಳಿಗೆ ಹಾಸ್ಟೆಲ್ ಗೋಡೆಗೆ ಈ ಚಿತ್ರ ಬೇಕಂತೆ, 12x18 ಇಂಚಿನ ಸೈಜಿನಲ್ಲಿ. ಮಿನುಗುವ ಕಾಗದದಲ್ಲಿ ಕಪ್ಪು ಭಾಗದ ಮೇಲೆಲ್ಲ ಟ್ಯೂಬ್‌ಲೈಟೇ ಕಾಣುತ್ತದೆ, ಮ್ಯಾಟ್ ಕಾಗದವೇ ಸರಿ. ಸ್ಟುಡಿಯೋಗೆ ಕಳಿಸುವಾಗ “ಆಟೋ ಕರೆಕ್ಷನ್ ಬೇಡ” ಅಂತ ಬರೆದೇ ಕಳಿಸುತ್ತೇನೆ. ಲೆನ್ಸ್‌ಗಳನ್ನು ಒರೆಸಿ ಹೊಸ ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಹಾಕಿಯಾಯಿತು. ಇನ್ನು ಕೊಯ್ಲು ಮುಗಿದ ಮೇಲೆ.